ವ್ಯಾಯಾಮ ಆಪ್ತಸಲಹೆಗಾರರ ಸೇವೆ: ಎರಡು ವರ್ಷಗಳ ಬಳಕೆಯ ನಂತರ

ವ್ಯಾಯಾಮ ಮಾಡಬೇಕೆಂದು ತಿಳಿದಿದ್ದರೂ ಮುಂದೂಡುತ್ತಲೇ ಬರುವ ವಯಸ್ಕರಿಗಾಗಿ ರೂಪಿಸಿದ ಆಪ್ತಸಲಹಾ ಸೇವೆಯೊಂದನ್ನು ನಾನು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದೇನೆ. ಇಂಥ ಸೇವೆಗಳ ಬಗ್ಗೆ ಕಣ್ಣಿಗೆ ಬೀಳುವ ವಿಮರ್ಶೆಗಳಲ್ಲಿ ಹೆಚ್ಚಿನವು ಸೇರಿದ ಮೊದಲ ತಿಂಗಳಲ್ಲೇ ಬರೆದವು. ಆ ಹುರುಪಿನಲ್ಲಿ ಯಾವ ಸೇವೆಯಾದರೂ ಚೆನ್ನಾಗಿಯೇ ಕಾಣುತ್ತದೆ. ಹುರುಪು ಇಳಿದು, ಕೆಲಸದ ಒತ್ತಡವೋ ಜ್ವರವೋ ಬಂದು ನಡಿಗೆ ತಪ್ಪಿಹೋದ ವಾರಗಳಲ್ಲಿ ಆ ಸೇವೆ ಏನು ಮಾಡಿತು ಎಂಬುದರ ಮೇಲೆ ಅದನ್ನು ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ, ಆದ್ದರಿಂದ ಬರೆಯುತ್ತಿಲ್ಲ.

ಮೊದಲಿಗೆ ಒಂದು ಸ್ಪಷ್ಟನೆ. ಆಪ್ತಸಲಹೆಗಾರರು ಜಿಮ್ ತರಬೇತುದಾರರಲ್ಲ. ಅವರು ಎದುರು ನಿಂತು ಎಣಿಕೆ ಹಾಕುವುದಿಲ್ಲ, ಭಾರ ಎತ್ತಿಸುವುದಿಲ್ಲ. ಆರಂಭದಲ್ಲಿ ಒಂದು ದೀರ್ಘ ಭೇಟಿ, ಆಮೇಲೆ ನಿಗದಿತ ಸಮಯಕ್ಕೆ ದೂರವಾಣಿ ಕರೆ. ಬಹುಪಾಲು ಕೆಲಸ ಮಾತಿನಲ್ಲೇ ನಡೆಯುತ್ತದೆ. ಮೊದಲ ಭೇಟಿಗೂ ಮುನ್ನ ಒಂದು ನಮೂನೆ ತುಂಬಬೇಕು: ಶ್ರಮಪಟ್ಟಾಗ ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಕೀಲುಗಳ ತೊಂದರೆ ಇದೆಯೇ, ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂಬಂಥ ಪ್ರಶ್ನೆಗಳು. ಯಾವುದಕ್ಕಾದರೂ ಹೌದು ಎಂದರೆ ವೈದ್ಯರ ಒಪ್ಪಿಗೆ ತರಬೇಕು. ಈ ಹಂತವನ್ನು ಕೇಳದೆಯೇ ಬಿಟ್ಟುಬಿಡುವ ಸೇವೆಯನ್ನು ದೂರವಿಡುವುದೇ ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ, ಇಲ್ಲವೇ 75ರಿಂದ 150 ನಿಮಿಷ ಹೆಚ್ಚು ತೀವ್ರತೆಯ ದೈಹಿಕ ಚಟುವಟಿಕೆ ಮಾಡಬೇಕು. ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮವಿರಬೇಕು. ಈ ಅಂಕಿಗಳು ಸೇವೆಗೆ ಸೇರುವ ಮೊದಲೇ ನನಗೆ ಬಾಯಿಪಾಠವಾಗಿದ್ದವು. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇಕಡಾ 31ರಷ್ಟು, ಅಂದರೆ ಸುಮಾರು 180 ಕೋಟಿ ಜನ, ಈ ಕನಿಷ್ಠ ಮಟ್ಟವನ್ನು ಮುಟ್ಟಿರಲಿಲ್ಲ ಎಂದು ಅದೇ ಸಂಸ್ಥೆ ಪ್ರಕಟಿಸಿತ್ತು. ಅಷ್ಟು ಜನರಿಗೂ ವ್ಯಾಯಾಮ ಒಳ್ಳೆಯದೆಂದು ಯಾರೂ ಹೇಳಿಲ್ಲ ಎನ್ನಲಾಗದು. ಹೇಳುವವರಿಗೆ ಬರವಿಲ್ಲ, ನನ್ನ ವೈದ್ಯರೂ ಪ್ರತಿ ಸಲ ತಪ್ಪದೆ ಹೇಳುತ್ತಿದ್ದರು, ನಾನೂ ಪ್ರತಿ ಸಲ ತಪ್ಪದೆ ತಲೆಯಾಡಿಸಿ ಬರುತ್ತಿದ್ದೆ.

ಆಪ್ತಸಲಹೆಗಾರರು ಭಿನ್ನವಾಗುವುದು ಇಲ್ಲಿಯೇ. ಮೊದಲ ಭೇಟಿಯಲ್ಲಿ ಅವರು ವ್ಯಾಯಾಮದ ಲಾಭಗಳ ಪಟ್ಟಿಯನ್ನು ಒಪ್ಪಿಸಲಿಲ್ಲ. ವಾರಕ್ಕೆ ಮೂರು ದಿನ ಸಂಜೆ ನಡೆಯುವ ಮಾತು ಬಂದಾಗ, "ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ, ಇದನ್ನು ಮಾಡಿಯೇ ತೀರುತ್ತೇನೆ ಎಂಬ ವಿಶ್ವಾಸ ನಿಮಗೆ ಎಷ್ಟಿದೆ?" ಎಂದು ಕೇಳಿದರು. ನಾಲ್ಕು ಎಂದೆ. ಇಷ್ಟು ಕಡಿಮೆಯೇಕೆ ಎಂದು ಕೇಳಿಯಾರು ಎಂದುಕೊಂಡು ನೆಪಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಅವರು ಕೇಳಿದ್ದು ಬೇರೆ: "ನಾಲ್ಕು ಅಂದಿರಿ. ಒಂದೋ ಎರಡೋ ಅನ್ನಲಿಲ್ಲವಲ್ಲ, ಯಾಕೆ?" ಆ ಪ್ರಶ್ನೆಗೆ ಉತ್ತರ ಹುಡುಕುವಾಗ, ಹಿಂದೊಮ್ಮೆ ಕೆಲವು ತಿಂಗಳು ಕ್ರಮವಾಗಿ ನಡೆದದ್ದು, ಆಗ ನಿದ್ದೆ ಚೆನ್ನಾಗಿ ಬರುತ್ತಿದ್ದದ್ದು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲವೆಂಬುದು ನನ್ನ ಬಾಯಿಂದಲೇ ಹೊರಬಂತು. ಆಮೇಲಷ್ಟೇ, ನಾಲ್ಕು ಆರಾಗಬೇಕಾದರೆ ಯೋಜನೆಯಲ್ಲಿ ಏನು ಬದಲಾಗಬೇಕು ಎಂಬ ಮಾತು ಬಂತು. ಮೂರು ದಿನ ಎರಡಾಯಿತು, ಅರ್ಧ ಗಂಟೆ ಹದಿನೈದು ನಿಮಿಷಕ್ಕೆ ಇಳಿಯಿತು.

ಇದು ಅವರ ಸ್ವಂತ ಜಾಣ್ಮೆಯಲ್ಲ, ಕಲಿತ ವಿಧಾನ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮದ್ಯಪಾನದ ಸಮಸ್ಯೆಯಿದ್ದವರ ಚಿಕಿತ್ಸೆಯ ಸಂದರ್ಭದಲ್ಲಿ ವಿವರಿಸಿ, ಆಮೇಲೆ ಸ್ಟೀಫನ್ ರೋಲ್ನಿಕ್ ಅವರೊಂದಿಗೆ ಬೆಳೆಸಿದ ಪ್ರೇರಣಾತ್ಮಕ ಸಂದರ್ಶನ ಪದ್ಧತಿಯಿಂದ ಬಂದದ್ದು. ಬದಲಾವಣೆಯ ಪರವಾದ ವಾದವನ್ನು ಸಲಹೆಗಾರರು ಮಂಡಿಸಿದರೆ ಎದುರಿಗಿರುವವರು ತಾವಾಗಿಯೇ ಪ್ರತಿವಾದಕ್ಕೆ ಇಳಿಯುತ್ತಾರೆ. ಆ ವಾದ ಅವರ ಬಾಯಿಂದಲೇ ಬರುವಂತೆ ಮಾಡಬೇಕು ಎಂಬುದು ಅದರ ತಿರುಳು. ಮನೆಯಲ್ಲಿ ಯಾರಾದರೂ "ಎದ್ದು ನಾಲ್ಕು ಹೆಜ್ಜೆ ನಡೆಯಬಾರದೇ" ಎಂದಾಗ ನಮ್ಮೊಳಗೆ ಏನೇಳುತ್ತದೆ ಎಂಬುದನ್ನು ನೆನಪಿಸಿಕೊಂಡರೆ ಇದರ ಸತ್ಯ ತಿಳಿಯುತ್ತದೆ.

ಯೋಜನೆಯ ತಾಂತ್ರಿಕ ಭಾಗ ಸರಳವಾಗಿತ್ತು. ನಡಿಗೆಯ ವೇಗಕ್ಕೆ ಕೊಟ್ಟ ಅಳತೆಯೆಂದರೆ, ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ತೀವ್ರತೆಯನ್ನು ಗುರುತಿಸಲು ಇದಕ್ಕಿಂತ ಹೆಚ್ಚಿನ ಸಲಕರಣೆ ನನಗೆ ಇದುವರೆಗೆ ಬೇಕಾಗಿಲ್ಲ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಿದರಷ್ಟೇ ಲೆಕ್ಕಕ್ಕೆ ಎಂಬ ಹಳೆಯ ಷರತ್ತು 2020ರ ಮಾರ್ಗಸೂಚಿಯಲ್ಲಿ ಇಲ್ಲವೆಂಬುದನ್ನು ಅವರೇ ತಿಳಿಸಿದರು. ಬಿಡುವೇ ಸಿಗದ ದಿನಗಳಲ್ಲಿ ಇದು ದೊಡ್ಡ ಸಮಾಧಾನ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯನ್ನು ಅವರು ಒತ್ತಾಯಿಸಲಿಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಹಬ್ಬಿದ ಆ ಸಂಖ್ಯೆಗಿಂತ, ನನ್ನ ಸದ್ಯದ ಸರಾಸರಿಗೆ ಒಂದಷ್ಟು ಸೇರಿಸುವುದೇ ಅವರಿಗೆ ಸಾಕಾಗಿತ್ತು. ಇದಕ್ಕೆಲ್ಲ ಮೇಲಾಗಿ, ಪ್ರತಿ ಯೋಜನೆಗೂ ಒಂದು ಪರ್ಯಾಯವನ್ನು ಮೊದಲೇ ಬರೆಸುತ್ತಿದ್ದರು: ಮಳೆ ಬಂದರೆ ಏನು, ಕಚೇರಿಯಲ್ಲಿ ತಡವಾದರೆ ಏನು, ಮೊಣಕಾಲು ನೋವು ಕಾಣಿಸಿಕೊಂಡರೆ ಏನು. ಆ ಹೊತ್ತಿಗೆ ಯೋಚಿಸಲು ಕುಳಿತರೆ ಗೆಲ್ಲುವುದು ಸೋಮಾರಿತನವೇ.

ಆದರೆ ಈ ಸೇವೆಗೆ ನಾನು ಇನ್ನೂ ಹಣ ಕೊಡುತ್ತಿರುವುದು ರೂಢಿ ತಪ್ಪಿದ ನಂತರದ ಕರೆಗಳಿಗಾಗಿ. ಮೊದಲ ವರ್ಷದ ಮಧ್ಯಭಾಗದಲ್ಲಿ ಕೆಲಸದ ಒತ್ತಡದಿಂದ ನಡಿಗೆ ಪೂರ್ತಿ ನಿಂತುಹೋಯಿತು. ನಿಗದಿತ ಕರೆಯನ್ನು ನಾನು ತೆಗೆದುಕೊಳ್ಳಲಿಲ್ಲ, ಮುಂದಿನದನ್ನೂ ತೆಗೆದುಕೊಳ್ಳಲಿಲ್ಲ. ಆ್ಯಪ್ ಆಗಿದ್ದರೆ ಅದರ ಸೂಚನೆಗಳನ್ನು ಆಫ್ ಮಾಡಿ ಮರೆತುಬಿಡಬಹುದಿತ್ತು. ಸಲಹೆಗಾರರು ಸಂಜೆ ಮತ್ತೆ ಕರೆ ಮಾಡಿ, ಎಷ್ಟು ದಿನ ತಪ್ಪಿತು ಎಂದು ಕೇಳದೆ, ಆ ವಾರಗಳ ದಿನಚರಿ ಹೇಗಿತ್ತೆಂದು ವಿಚಾರಿಸಿ, ಊಟದ ವಿರಾಮದಲ್ಲಿ ಐದು ನಿಮಿಷ ನಡೆಯುವುದಷ್ಟನ್ನೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಯೋಜನೆಯಿಂದ ತೆಗೆದುಹಾಕಿದರು. ಹಿಂದೆ ಎಷ್ಟೋ ಸಲ ನಾನು ಕೈಬಿಟ್ಟದ್ದು ಇಂಥ ಹಂತದಲ್ಲೇ, ಏಕೆಂದರೆ ತಪ್ಪಿದ ವಾರದ ನಂತರ ಮರಳುವುದೆಂದರೆ ಪೂರ್ಣ ಪ್ರಮಾಣಕ್ಕೆ ಮರಳುವುದು ಎಂದೇ ಭಾವಿಸಿದ್ದೆ.

ನನ್ನೊಬ್ಬನ ಅನುಭವದಿಂದ ಸೇವೆಯ ಗುಣ ನಿರ್ಧರಿಸುವುದು ಸರಿಯಲ್ಲವಾದ್ದರಿಂದ ಎರಡು ಅಧ್ಯಯನಗಳನ್ನು ಹೇಳಬೇಕು. 2001ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, 35ರಿಂದ 75 ವರ್ಷದ 874 ನಿಷ್ಕ್ರಿಯ ವಯಸ್ಕರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವೈದ್ಯರ ಸಲಹೆಯನ್ನು, ಇನ್ನೆರಡಕ್ಕೆ ಅದರೊಂದಿಗೆ ಬೇರೆ ಬೇರೆ ಪ್ರಮಾಣದ ಆಪ್ತಸಲಹೆಯನ್ನು ನೀಡಲಾಯಿತು. ಎರಡು ವರ್ಷಗಳ ಬಳಿಕ, ಆಪ್ತಸಲಹೆ ಪಡೆದ ಮಹಿಳೆಯರ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಬರೀ ಸಲಹೆ ಪಡೆದವರಿಗಿಂತ ಉತ್ತಮವಾಗಿತ್ತು. ಪುರುಷರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪುರುಷನಾದ ನಾನು ಇದನ್ನು ಮುಚ್ಚಿಡುವುದು ತರವಲ್ಲ. ನ್ಯೂಜಿಲೆಂಡಿನಲ್ಲಿ ವೈದ್ಯರು ವ್ಯಾಯಾಮವನ್ನು ಚೀಟಿಯಲ್ಲಿ ಬರೆದುಕೊಟ್ಟು, ವ್ಯಾಯಾಮ ತಜ್ಞರು ದೂರವಾಣಿಯಲ್ಲಿ ಬೆಂಬಲ ನೀಡುವ 'ಗ್ರೀನ್ ಪ್ರಿಸ್ಕ್ರಿಪ್ಷನ್' ಯೋಜನೆಯ ಬಗ್ಗೆ 2003ರಲ್ಲಿ ಬಂದ ಅಧ್ಯಯನದ ಪ್ರಕಾರ, ಒಂದು ವರ್ಷದ ಕೊನೆಗೆ, ಚೀಟಿ ಪಡೆಯದವರಿಗೆ ಹೋಲಿಸಿದರೆ, ಇಂಥ ಸುಮಾರು ಹತ್ತು ಚೀಟಿಗಳಿಗೆ ಒಬ್ಬರಂತೆ ಹೆಚ್ಚು ಜನ ವಾರಕ್ಕೆ ಎರಡೂವರೆ ಗಂಟೆಯ ಗುರಿಯನ್ನು ತಲುಪಿದ್ದರು. ಹತ್ತಕ್ಕೆ ಒಬ್ಬರೆಂದರೆ ಕಡಿಮೆ ಎನಿಸಬಹುದು. ನನ್ನ ಲೆಕ್ಕದಲ್ಲಿ, ಬರೀ ಮಾತು ಮತ್ತು ದೂರವಾಣಿಯ ಖರ್ಚಿನಲ್ಲಿ ಸಿಗುವ ಫಲಕ್ಕೆ ಅದು ಕಡಿಮೆಯಲ್ಲ. ಆದರೆ ಎಲ್ಲರೂ ಬದಲಾಗುತ್ತಾರೆ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ.

ದೂರುಗಳೂ ಇವೆ. ಎಲ್ಲಕ್ಕಿಂತ ದೊಡ್ಡದು, ಎರಡನೆಯ ವರ್ಷದ ಆರಂಭದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಸಲಹೆಗಾರರನ್ನು ಬದಲಿಸಿದ್ದು. ಹೊಸಬರು ವ್ಯಾಯಾಮಶಾಸ್ತ್ರ ಚೆನ್ನಾಗಿ ಓದಿಕೊಂಡವರು, ಆದರೆ ಕೇಳಿಸಿಕೊಳ್ಳುವ ತಾಳ್ಮೆ ಕಡಿಮೆ. ಮೊದಲ ಕರೆಯಲ್ಲೇ ಹೃದಯ ಬಡಿತದ ವಲಯಗಳ ಬಗ್ಗೆ ಉಪನ್ಯಾಸ ಕೊಟ್ಟರು. ಹಿಂದಿನವರು ಬರೆದಿಟ್ಟ ಟಿಪ್ಪಣಿಗಳನ್ನು ಅವರು ಓದಿರಲಿಲ್ಲ. ಬೇರೆಯವರನ್ನು ಕೊಡಿ ಎಂದು ಲಿಖಿತವಾಗಿ ಕೇಳಿದ ಮೇಲೆ ಬದಲಿಸಿದರು, ಆದರೆ ಅದಕ್ಕೆ ವಾರಗಟ್ಟಲೆ ಕಾಯಬೇಕಾಯಿತು. ಎರಡನೆಯದು, ಇಡೀ ಸೇವೆ ನಡಿಗೆಯ ಸುತ್ತಲೇ ತಿರುಗುತ್ತದೆ. ಮಾರ್ಗಸೂಚಿಯಲ್ಲಿ ಸ್ನಾಯು ಬಲವರ್ಧನೆಗೂ ಅಷ್ಟೇ ಸ್ಪಷ್ಟವಾದ ಜಾಗವಿದ್ದರೂ ನಾನಾಗಿ ಕೇಳುವವರೆಗೆ ಅದರ ಪ್ರಸ್ತಾಪವೇ ಬರಲಿಲ್ಲ. ಗೋಡೆಗೆ ಕೈಯೂರಿ ಮಾಡುವ ದಂಡ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಈಗ ಯೋಜನೆಯಲ್ಲಿವೆ, ಆದರೆ ಭಂಗಿ ಸರಿಯಿದೆಯೇ ಎಂಬುದನ್ನು ದೂರವಾಣಿಯಲ್ಲಿ ಯಾರು ನೋಡಬೇಕು? ಅದಕ್ಕೆ ತರಬೇತುದಾರರೇ ಬೇಕು. ತೂಕ ಇಳಿಸುವುದಕ್ಕೆಂದೇ ಸೇರುವವರಿಗೆ ನಿರಾಸೆಯಾಗಬಹುದು. ನನ್ನ ತೂಕ ಹೆಚ್ಚೇನೂ ಬದಲಾಗಿಲ್ಲ, ಬದಲಾದದ್ದು ಉಸಿರು ಮತ್ತು ನಿದ್ದೆ.

ಈಗಾಗಲೇ ಕ್ರಮವಾಗಿ ವ್ಯಾಯಾಮ ಮಾಡುತ್ತಿರುವವರಿಗೆ ಈ ಸೇವೆಯ ಅಗತ್ಯವಿಲ್ಲ. ಹೃದ್ರೋಗದಂಥ ತೊಂದರೆಯಿಂದ ಚೇತರಿಸಿಕೊಳ್ಳುತ್ತಿರುವವರು ಆಸ್ಪತ್ರೆಯ ಮೇಲ್ವಿಚಾರಣೆಯ ಪುನಶ್ಚೇತನ ಕಾರ್ಯಕ್ರಮವನ್ನು ಮೊದಲು ವಿಚಾರಿಸಬೇಕು. ಶುರುಮಾಡಿ ಬಿಡುವುದನ್ನೇ ರೂಢಿಮಾಡಿಕೊಂಡವರಿಗೆ, ಮೇಲಿನ ದೂರುಗಳಿದ್ದರೂ, ಐದಕ್ಕೆ ನಾಲ್ಕು ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಹಣ ಕಟ್ಟುವ ಮೊದಲು ಮಾತ್ರ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ಸಲಹೆಗಾರರನ್ನು ಬದಲಿಸಬೇಕಾಗಿ ಬಂದರೆ ಅದನ್ನು ಎಷ್ಟು ದಿನ ಮುಂಚೆ ತಿಳಿಸುತ್ತಾರೆ, ಮತ್ತು ಬಳಕೆದಾರರು ಕರೆ ತೆಗೆದುಕೊಳ್ಳದಿದ್ದರೆ ಮತ್ತೆ ಕರೆ ಮಾಡುವ ಹೊಣೆ ಯಾರದು.