ಸನ್‌ರೈಸ್ ಸೆತೊ–ಇಜುಮೊ: ಹತ್ತುವ ಮೊದಲು ತಿಳಿದಿರಬೇಕಾದ್ದು

ಜಪಾನಿನಲ್ಲಿ ದಿನವೂ ಓಡುವ ಸ್ಲೀಪರ್ ರೈಲು ಈಗ ಉಳಿದಿರುವುದು ಟೋಕಿಯೋದಿಂದ ರಾತ್ರಿ ಹೊರಡುವ ಇದೊಂದೇ. 1998ರಿಂದ ಓಡುತ್ತಿದೆ. ರೈಲುಪ್ರಿಯರು ಇದನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಅದೇ ಕಾರಣ, ಟಿಕೆಟ್ ಸಿಗದಿರುವುದಕ್ಕೂ ಅದೇ. ಪ್ರಯಾಣಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ, ಬೆಳಿಗ್ಗೆ 10ಕ್ಕೆ ಬುಕಿಂಗ್ ತೆರೆಯುತ್ತದೆ. ವಾರಾಂತ್ಯದ ಕೋಣೆಗಳು ನೋಡನೋಡುತ್ತಲೇ ಖಾಲಿ.

ಕಡಿಮೆ ಖರ್ಚಿನದು 5 ಮತ್ತು 12ನೇ ಬೋಗಿಯ ‘ನೊಬಿನೊಬಿ’ ಎಂಬ ಮಲಗುವ ಜಾಗ. ಸ್ಲೀಪರ್ ಶುಲ್ಕವಿಲ್ಲ, ಸೀಟಿನ ಶುಲ್ಕ ಸಾಕು. ಆದರೆ ಹಾಸಿಗೆಯೂ ಇಲ್ಲ: ಕಾರ್ಪೆಟ್ ನೆಲ, ತೆಳು ಹೊದಿಕೆ, ತಲೆಯ ಬಳಿ ಮಾತ್ರ ಒಂದು ಅಡ್ಡಗೋಡೆ. ಗಾಳಿ ತುಂಬುವ ದಿಂಬು, ಮಡಚುವ ಚಾಪೆ ಒಯ್ಯದಿದ್ದರೆ ಬೆಳಿಗ್ಗೆ ಸೊಂಟ ಹಿಡಿಯುವುದು ಖಂಡಿತ.

ಸ್ನಾನದ ಕಾರ್ಡಿಗೆ 330 ಯೆನ್, ನೀರು ಆರು ನಿಮಿಷ. ಕಾರ್ಡುಗಳ ಸಂಖ್ಯೆ ಕಡಿಮೆ, ಆದ್ದರಿಂದ ಹತ್ತಿದ ಕೂಡಲೇ ಮೊದಲು ಯಂತ್ರದತ್ತ ಹೋಗಿ. ಸೋಪು ಹಾಕುವಾಗ ನೀರು ನಿಲ್ಲಿಸಿದರೆ ಲೆಕ್ಕವೂ ನಿಲ್ಲುತ್ತದೆ, ಆರು ನಿಮಿಷ ಧಾರಾಳ. ಊಟದ ಬೋಗಿ ಇಲ್ಲ. ಬುತ್ತಿಯನ್ನು ಟೋಕಿಯೋದಲ್ಲೇ ಕೊಳ್ಳಬೇಕು.

ಬೆಳಿಗ್ಗೆ ಆರೂವರೆಯ ಸುಮಾರಿಗೆ ಒಕಾಯಾಮಾದಲ್ಲಿ 14 ಬೋಗಿಗಳು ಏಳೇಳಾಗಿ ಬೇರ್ಪಡುತ್ತವೆ. ಕೊಂಡಿ ಕಳಚುವುದನ್ನು ನೋಡಲು 7–8ನೇ ಬೋಗಿಗಳ ಬಳಿ ನಿಲ್ಲಿ. ಮುಂದಿನ ಭಾಗ ‘ಸೆತೊ’, ತಕಾಮಾತ್ಸುವಿಗೆ; ಹಿಂದಿನದು ‘ಇಜುಮೊ’, ಇಜುಮೊಗೆ. ಸೆತೊದವರು ಬೇಗ ಹತ್ತಿಬಿಡಿ, ಮೊದಲು ಹೊರಡುವುದು ಅದೇ.