ಮುಲುಂಡ್‌ನ ನಮ್ಮ ಫೈಬರ್ ನೆಟ್: ಸ್ಪೀಡಿಗೆ ಪೂರ್ತಿ ಮಾರ್ಕು, ಇಣುಕಿ ನೋಡುವ ಚಾಳಿಗೆ ಸೊನ್ನೆ

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನೆಟ್ ಚೆನ್ನಾಗಿದೆ. 100 ಎಂಬಿಪಿಎಸ್ ಅಂದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ರಾತ್ರಿ ಊಟ ಮುಗಿಸಿ ಇಡೀ ಬಿಲ್ಡಿಂಗು ಸೀರಿಯಲ್ಲು, ಕ್ರಿಕೆಟ್ಟು ಎಂದು ಕೂತಾಗಲೂ ಗಿರಗಿರ ಸುತ್ತುತ್ತಾ ನಿಲ್ಲುವುದಿಲ್ಲ. ನಾನು ಮನೆಯಿಂದಲೇ ನಾಲ್ಕಾರು ಉಡುಪಿ ಹೋಟೆಲುಗಳ ಲೆಕ್ಕ ಬರೆಯುತ್ತೇನೆ. ತಿಂಗಳ 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಹಾಕುವ ದಿನ. ಅವತ್ತು ಸರ್ಕಾರದ ಪೋರ್ಟಲ್ಲೇ ಸುಸ್ತಾಗಿರುತ್ತದೆ, ನಮ್ಮ ಕಡೆಯ ನೆಟ್ಟೂ ಕೈಕೊಟ್ಟರೆ ಕಥೆ ಮುಗಿದಂತೆ. ಇದುವರೆಗೆ ಹಾಗಾಗಿಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ಮುಂಬೈಯ ಮುಲುಂಡ್ ಪೂರ್ವದಲ್ಲಿ ಮೊದಲು ಕೇಬಲ್ ಟಿವಿ ಕೊಡುತ್ತಿದ್ದವರೇ ಈಗ ಫೈಬರ್ ಎಳೆದಿದ್ದಾರೆ, ಅಷ್ಟು ಸಾಕು. ಮೊನ್ನೆ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕಕ್ಕೆ ಹೋದಾಗ ಇಬ್ಬರು ಮೂವರು, ‘ನಿಮ್ಮ ಮನೆಯಲ್ಲಿ ಯಾವ ನೆಟ್, ಹೇಗಿದೆ’ ಎಂದು ಕೇಳಿದರು. ಒಂದು ಮಾತಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇದು.

ರಿಪೇರಿಯ ವಿಷಯದಲ್ಲೂ ತಕರಾರಿಲ್ಲ. ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಮೂರ್ತಿಯ ಟ್ರಕ್ಕಿಗೆ ಸಿಕ್ಕಿ ನಮ್ಮ ಗಲ್ಲಿಯ ತಂತಿ ಹರಿದುಹೋಯಿತು. ಅವತ್ತು ರಾತ್ರಿ ಢೋಲ್ ತಾಶೆಯ ಸದ್ದಿನ ನಡುವೆಯೇ ಲೈನ್ ಹುಡುಗ ಏಣಿ ಹತ್ತಿದ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯನ್ನು ಜೋಡಿಸಿಕೊಟ್ಟು ಹೋದ. ಚಹಾ ಕೂಡ ಕುಡಿಯಲಿಲ್ಲ. ‘ಆಂಟಿ, ಇನ್ನೂ ಮೂರು ಬಿಲ್ಡಿಂಗ್ ಬಾಕಿ ಇದೆ’ ಅಂದ. ಆ ಹುಡುಗನಿಗೆ ಹತ್ತಕ್ಕೆ ಹತ್ತು. ಬಿಲ್ಲು ಕೂಡ ನೆಟ್ಟಗಿದೆ: ₹699, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ₹824.82. ಸುಮ್ನೆ ‘ಇತರೆ ಶುಲ್ಕ’ ಎಂದು ಸೇರಿಸುವ ಚಾಳಿ ಇಲ್ಲ.

ಇನ್ನು ತಕರಾರು.

ಸೈಟಿನ ಹೆಸರು ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿತು ಅಂದುಕೊಳ್ಳಿ. ಅಂಥ ಸೈಟ್ ಇಲ್ಲ ಎಂದು ಬ್ರೌಸರ್ ಹೇಳಬೇಕು. ನಮ್ಮಲ್ಲಿ ಹಾಗಾಗುತ್ತಿರಲಿಲ್ಲ. ಕಂಪನಿಯ ಲೋಗೊ ಇರುವ ಒಂದು ಪುಟ ತೆರೆದುಕೊಳ್ಳುತ್ತಿತ್ತು. ಮೇಲೊಂದು ಸರ್ಚ್ ಪೆಟ್ಟಿಗೆ, ಕೆಳಗೆ ಸಾಲಾಗಿ ಜಾಹೀರಾತು. ಪರ್ಸನಲ್ ಲೋನ್, ಠಾಣೆಯಲ್ಲಿ ಟೂ ಬಿಎಚ್‌ಕೆ, ಮುಲುಂಡ್‌ನಲ್ಲೇ ನೀಟ್ ಕೋಚಿಂಗ್. ಮಗಳು ಈ ವರ್ಷ ನೀಟ್‌ಗೆ ಓದುತ್ತಿದ್ದಾಳೆ. ಅದನ್ನು ಈ ಕಂಪನಿಯೇ ಪತ್ತೆಹಚ್ಚಿತು ಎಂದು ನಾನು ಹೇಳುವುದಿಲ್ಲ. ಮುಲುಂಡ್‌ನಲ್ಲಿ ಗೋಡೆ ಗೋಡೆಗೂ ನೀಟ್ ಕೋಚಿಂಗ್‌ನ ಪೋಸ್ಟರ್ ಇದೆ. ಆದರೆ ಆ ಪುಟವನ್ನು ತಂದಿಟ್ಟವರು ಯಾರು ಎಂಬುದರಲ್ಲಿ ಅನುಮಾನವೇ ಇಲ್ಲ, ಲೋಗೊ ಅಲ್ಲೇ ಇತ್ತಲ್ಲ.

ಇದು ನಡೆಯುವುದು ಹೀಗೆ. ನಾವು ಸೈಟಿನ ಹೆಸರು ಹೊಡೆದಾಗ, ಆ ಹೆಸರಿನ ನಂಬರ್ ಯಾವುದು ಎಂದು ನಮ್ಮ ರೌಟರ್ ಒಂದು ಸರ್ವರ್ ಹತ್ತಿರ ಕೇಳುತ್ತದೆ. ಅದಕ್ಕೆ ಡಿಎನ್‌ಎಸ್ ಅನ್ನುತ್ತಾರೆ. ನಾವಾಗಿ ಏನೂ ಬದಲಾಯಿಸದಿದ್ದರೆ ಆ ಸರ್ವರ್ ನೆಟ್ ಕಂಪನಿಯದ್ದೇ. ಪ್ರಶ್ನೆ ಮಾಮೂಲಾಗಿ ಬಿಚ್ಚಿಟ್ಟ ಹಾಗೆಯೇ ಹೋಗುತ್ತದೆ, ಗುಟ್ಟಿಲ್ಲ. ಹಾಗಾಗಿ ಮನೆಯವರು ಯಾವ ಯಾವ ಸೈಟಿಗೆ ಎಷ್ಟು ಹೊತ್ತಿಗೆ ಹೋದರು ಎಂಬ ಪಟ್ಟಿ ತಾನಾಗಿಯೇ ಅವರ ಕೈಗೆ ಸಿಗುತ್ತದೆ. ಈಗ ಹೆಚ್ಚಿನ ಸೈಟುಗಳಲ್ಲಿ ಬೀಗದ ಗುರುತಿನ ಎಚ್‌ಟಿಟಿಪಿಎಸ್ ಇರುವುದರಿಂದ ಒಳಗೆ ಏನು ಓದಿದೆವು ಎಂಬುದು ಕಾಣಿಸುವುದಿಲ್ಲ. ಆಸ್ಪತ್ರೆಯ ಸೈಟಿಗೆ ಹೋದದ್ದು ಗೊತ್ತಾಗುತ್ತದೆ, ಯಾವ ಕಾಯಿಲೆಯ ಪುಟ ತೆರೆದದ್ದು ಅಂತ ಗೊತ್ತಾಗುವುದಿಲ್ಲ. ಆದರೆ ಕೆಲವು ಸೈಟುಗಳ ಹೆಸರೇ ಎಲ್ಲ ಹೇಳಿಬಿಡುತ್ತದೆ ಅಲ್ವಾ? ಡಯಾಲಿಸಿಸ್ ಸೆಂಟರು, ಕೆಲಸ ಹುಡುಕುವ ಸೈಟು, ಮದುವೆ ಸಂಬಂಧದ ಸೈಟು, ಚಿನ್ನದ ಮೇಲೆ ಸಾಲ. ಒಳಗಿನ ಪುಟ ಯಾರಿಗೆ ಬೇಕು?

ಕಂಪನಿಯ ಆ್ಯಪ್ ತೆರೆದು ಹುಡುಕಿದೆ. ಪ್ರೊಫೈಲ್, ಅದರೊಳಗೆ ‘ಇತರೆ’, ಅದರೊಳಗೆ ‘ನಿಮಗೆ ತಕ್ಕ ಆಫರ್‌ಗಳು’. ಟಿಕ್ ಮೊದಲೇ ಬಿದ್ದಿತ್ತು. ಪಕ್ಕದ ಪುಟ್ಟ ಗುರುತು ಒತ್ತಿದರೆ ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳು: ಗ್ರಾಹಕರು ನೋಡುವ ಸೈಟುಗಳ ವರ್ಗ, ಸಮಯ, ಬಳಕೆಯ ಪ್ರಮಾಣವನ್ನು ಜಾಹೀರಾತು ಪಾಲುದಾರರ ಜೊತೆ ಹಂಚಿಕೊಳ್ಳಬಹುದು. ಬಿಳಿಯ ಮೇಲೆ ತಿಳಿಬೂದು! ಓದಬಾರದು ಅಂತಲೇ ಬರೆದದ್ದು.

ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. ಮಾತೆಲ್ಲ ಬಂಬೈ ಹಿಂದಿಯಲ್ಲಿ.

‘ಮೇಡಂ, ಅದರಲ್ಲಿ ನಿಮ್ಮ ಹೆಸರು ಇರುವುದಿಲ್ಲ.’

‘ಸರಿಯಪ್ಪ. ಹಾಗಾದರೆ ಮುಲುಂಡ್‌ನ ಕೋಚಿಂಗ್ ಕ್ಲಾಸೇ ಯಾಕೆ ಬರುತ್ತೆ?’

‘ಅದು ಪಿನ್‌ಕೋಡ್ ಮೇಲೆ ಮೇಡಂ.’

‘ಈಗ ಟಿಕ್ ತೆಗೆದಿದ್ದೇನೆ. ಪಟ್ಟಿ ಮಾಡೋದು ನಿಲ್ಲುತ್ತಾ, ಇಲ್ಲ ನನಗೆ ತೋರಿಸೋದು ಮಾತ್ರ ನಿಲ್ಲುತ್ತಾ?’

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು. ಆಮೇಲೆ, ‘ನಿಮಗೆ ಆಫರ್ ಬರುವುದಿಲ್ಲ ಮೇಡಂ.’ ನನ್ನ ಪ್ರಶ್ನೆಗೆ ಇದು ಉತ್ತರವಲ್ಲ. ಪಾಪ, ಅವನಿಗೆ ಕೊಟ್ಟ ಹಾಳೆಯಲ್ಲಿ ಅಷ್ಟೇ ಬರೆದಿರಬೇಕು. ಇಮೇಲ್ ಮಾಡಿದೆ. ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ ಎಂದು ಉತ್ತರ ಬಂತು, ಕೊನೆಯಲ್ಲಿ 300 ಎಂಬಿಪಿಎಸ್ ಪ್ಯಾಕಿನ ಆಫರ್ ಸಮೇತ.

ನಾನು ಕೇಳಿದ್ದು ಹೊಸ ಪ್ರಶ್ನೆಯೇನಲ್ಲ. ಇಂಗ್ಲೆಂಡಿನಲ್ಲಿ ಬಿಟಿ ಎಂಬ ಫೋನ್ ಮತ್ತು ನೆಟ್ ಕಂಪನಿ 2006 ಮತ್ತು 2007ರಲ್ಲಿ ಫೋರ್ಮ್ ಎಂಬ ಸಂಸ್ಥೆಯ ಯಂತ್ರವನ್ನು ತನ್ನ ಗ್ರಾಹಕರ ಮೇಲೆ ಹೇಳದೆ ಕೇಳದೆ ಪರೀಕ್ಷೆ ಮಾಡಿತ್ತು. ಜನ ಏನು ನೋಡುತ್ತಾರೆ ಎಂದು ದಾರಿಯಲ್ಲೇ ಓದಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಯಂತ್ರ. 2008ರಲ್ಲಿ ಗುಟ್ಟು ರಟ್ಟಾಯಿತು. ಬೇಡ ಎಂದವರ ನೆಟ್ ಟ್ರಾಫಿಕ್ಕೂ ಅದೇ ಯಂತ್ರದ ಮೂಲಕ ಹೋಗುತ್ತದಾ ಎಂಬುದು ಆಗ ದೊಡ್ಡ ಜಗಳ. ಯುರೋಪಿಯನ್ ಕಮಿಷನ್ 2009ರಲ್ಲಿ ಬ್ರಿಟನ್ ಸರ್ಕಾರದ ಮೇಲೆಯೇ ಕ್ರಮಕ್ಕೆ ಇಳಿಯಿತು. ಬಿಟಿ ಅದೇ ವರ್ಷ ಯೋಜನೆಯನ್ನು ಕೈಬಿಟ್ಟಿತು. ಅಮೆರಿಕದಲ್ಲಿ ವೆರೈಜನ್ ತನ್ನ ಮೊಬೈಲ್ ಗ್ರಾಹಕರ ಟ್ರಾಫಿಕ್ಕಿಗೆ, ಅಳಿಸಲು ಬಾರದ ಗುರುತಿನ ನಂಬರೊಂದನ್ನು ಅಂಟಿಸುತ್ತಿತ್ತು. 2016ರಲ್ಲಿ 13.5 ಲಕ್ಷ ಡಾಲರ್ ದಂಡ ಕಟ್ಟಿತು.

ಲೆಕ್ಕದವಳಾದ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಅಮೆರಿಕದ್ದೇ ಇನ್ನೊಂದು ಕಂಪನಿ ಎಟಿ ಆ್ಯಂಡ್ ಟಿಯ ಬಿಲ್ಲು. 2013ರ ಕೊನೆಗೆ ಆಸ್ಟಿನ್‌ನಲ್ಲಿ ಫೈಬರ್ ಶುರುಮಾಡಿದಾಗ ಅವರು ಎರಡು ದರ ಇಟ್ಟರು. ನೀವು ನೋಡುವುದನ್ನು ನಾವೂ ನೋಡಿ ಜಾಹೀರಾತು ತೋರಿಸಲು ಒಪ್ಪಿದರೆ ತಿಂಗಳಿಗೆ 70 ಡಾಲರ್, ಒಪ್ಪದಿದ್ದರೆ 99. ವ್ಯತ್ಯಾಸ 29 ಡಾಲರ್. ಜನ ಬೈದರು, 2016ರಲ್ಲಿ ಅದು ನಿಂತಿತು. ಬೈಯುವಂಥದ್ದೇ, ಒಪ್ಪುತ್ತೇನೆ. ಆದರೂ ಅಲ್ಲಿ ಬಿಲ್ಲಿನ ಮೇಲೆ ಒಂದು ಅಂಕಿ ಇತ್ತು. ನನ್ನ ₹824.82ರಲ್ಲಿ ನನ್ನ ಪಟ್ಟಿಗೆ ಎಷ್ಟು ಕಡಿತ ಕೊಟ್ಟಿದ್ದಾರೆ? ಯಾವ ಸಾಲಿನಲ್ಲೂ ಇಲ್ಲ. ವರಮಾನ ಅವರದ್ದು, ರಸೀದಿ ಯಾರಿಗೂ ಇಲ್ಲ.

ನಮ್ಮ ದೇಶದಲ್ಲೂ ಉದಾಹರಣೆ ಇದೆ. 2015ರಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಸೈಟ್ ತೆರೆದು ನೋಡಿದರೆ, ತಾವು ಬರೆಯದ ಕೋಡ್ ಅದರೊಳಗೆ ಕೂತಿತ್ತು. ಡೇಟಾ ಎಷ್ಟು ಖರ್ಚಾಗುತ್ತಿದೆ ಎಂದು ಗ್ರಾಹಕರಿಗೆ ತಿಳಿಸಲು ಅದು ಎಂದು ಕಂಪನಿ ಹೇಳಿತು. ಅದನ್ನು ಬಯಲು ಮಾಡಿದ್ದಕ್ಕೆ ಕೋಡ್ ತಯಾರಿಸಿದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಡೆಯಿಂದ ಅವರಿಗೇ ಲೀಗಲ್ ನೋಟಿಸ್ ಹೋಯಿತು! ಕಳ್ಳತನ ಆಗಿದೆ ಅಂದವನ ಮೇಲೆಯೇ ಕೇಸು.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಶೆಟ್ರಿಗೆ ಇದೆಲ್ಲ ಹೇಳಿದಾಗ ಅವರು ನಕ್ಕರು. ‘ಅಕ್ಕ, ಗೂಗಲ್ಲು, ಫೇಸ್‌ಬುಕ್ಕು ಎಲ್ಲ ನೋಡ್ತಾವೆ. ಇವನೊಬ್ಬ ನೋಡಿದರೆ ಏನು ಕಳೆದುಕೊಂಡ್ವಿ?’ ಈ ಮಾತನ್ನು ತುಂಬ ಜನ ಹೇಳುತ್ತಾರೆ, ಅದಕ್ಕೇ ಉತ್ತರ ಕೊಡಬೇಕು. ಗೂಗಲ್ ಬೇಡವೆಂದರೆ ಬೇರೆ ಬ್ರೌಸರ್, ಬೇರೆ ಸರ್ಚ್ ಇದೆ. ಫೇಸ್‌ಬುಕ್ ಅಳಿಸಬಹುದು. ನೆಟ್ ಕಂಪನಿಯನ್ನು ಹೇಗೆ ಅಳಿಸುತ್ತೀರಿ? ನಮ್ಮ ಸೊಸೈಟಿಯ ಡಕ್ಟಿನಲ್ಲಿ ತಂತಿ ಎಳೆಯಲು ಕಮಿಟಿ ಅನುಮತಿ ಕೊಟ್ಟಿರುವುದು ಈ ಒಬ್ಬರಿಗೆ ಮಾತ್ರ. ಮೇಲಾಗಿ ಇವರ ಹತ್ತಿರ ನನ್ನ ಆಧಾರ್ ಪ್ರತಿ ಇದೆ, ಫೋಟೊ ಇದೆ, ಫ್ಲ್ಯಾಟ್ ನಂಬರ್ ಇದೆ. ಅತ್ತೆಯ ಟಿವಿ, ಮಗಳ ಟ್ಯಾಬ್, ಗಂಡನ ಆಫೀಸ್ ಲ್ಯಾಪ್‌ಟಾಪ್, ನನ್ನ ಹೋಟೆಲುಗಳ ಲೆಕ್ಕ, ಎಲ್ಲ ಒಂದೇ ತಂತಿಯಲ್ಲಿ ಹೋಗುತ್ತದೆ. ಸೊಸೈಟಿಯ ವಾಚ್‌ಮನ್ ಗೇಟಿನಲ್ಲಿ ರಿಜಿಸ್ಟರ್ ಇಡುತ್ತಾನೆ: ಯಾರು ಬಂದರು, ಯಾವ ಫ್ಲ್ಯಾಟ್‌ಗೆ, ಎಷ್ಟು ಗಂಟೆಗೆ. ಅದು ಅವನ ಕೆಲಸ. ಸಂಜೆ ಆ ರಿಜಿಸ್ಟರನ್ನು ರಸ್ತೆಯ ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟರೆ ಶೆಟ್ರೇ ಮೊದಲು ಮೀಟಿಂಗ್ ಕರೆಯುತ್ತಾರೆ. ಇದನ್ನು ಹೇಳಿದ ಮೇಲೆ ಅವರು ನಗಲಿಲ್ಲ.

ಸರ್ಕಾರಕ್ಕಾಗಿ ದಾಖಲೆ ಇಡಬೇಕಾದದ್ದು ಬೇರೆ ಮಾತು. 2021ರ ಡಿಸೆಂಬರಿನ ತಿದ್ದುಪಡಿಯ ಪ್ರಕಾರ ಇಂಥ ಬಳಕೆಯ ದಾಖಲೆಗಳನ್ನು ಎರಡು ವರ್ಷ ಇಡಬೇಕು ಎಂಬುದು ನೆಟ್ ಕಂಪನಿಗಳ ಲೈಸೆನ್ಸಿನ ಷರತ್ತು. ಅದು ಸರಿಯೋ ತಪ್ಪೋ, ಜಾಹೀರಾತಿಗೆ ಅದು ಪರವಾನಗಿ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮವರೇ ಹಾಕಿದ ಕೇಸಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವರು. ಆಮೇಲೆ 2023ರಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂತು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲು ಆಗಬೇಕು ಎಂದು ಅದರಲ್ಲಿದೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ ಕಂಪನಿಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ನಮಗೆ ರಿಟರ್ನ್ ಒಂದು ದಿನ ತಡವಾದರೆ ಲೇಟ್ ಫೀ, ಇವರಿಗೆ ಒಂದೂವರೆ ವರ್ಷ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡಬೇಕು. ನಾನು ಲೈನ್ ಹುಡುಗನನ್ನೇ ಹಿಡಿದೆ. ರೌಟರಿನ ಪಾಸ್‌ವರ್ಡ್ ಕೊಡಲು ಮೊದಲು ಹಿಂದೆಮುಂದೆ ನೋಡಿದ. ಆಮೇಲೆ ಡಬ್ಬಿಯನ್ನು ತಿರುಗಿಸಿ, ಧೂಳು ಒರೆಸಿ, ಅಡಿಯಲ್ಲಿದ್ದ ಸ್ಟಿಕರ್ ತೋರಿಸಿದ. ಬ್ರೌಸರಿನಲ್ಲಿ 192.168.1.1 ಹೊಡೆದರೆ ಒಳಗೆ ಹೋಗಬಹುದು. ಲ್ಯಾನ್, ಅದರಲ್ಲಿ ಡಿಎಚ್‌ಸಿಪಿ, ಅದರಲ್ಲಿ ಡಿಎನ್‌ಎಸ್ ಎಂಬ ಎರಡು ಖಾನೆ. ಅಲ್ಲಿ 1.1.1.1 ಮತ್ತು 1.0.0.1 ಹಾಕಿದೆ. ಇದು ಕ್ಲೌಡ್‌ಫ್ಲೇರ್ ಕಂಪನಿ 2018ರಿಂದ ಉಚಿತವಾಗಿ ಕೊಡುತ್ತಿರುವ ಡಿಎನ್‌ಎಸ್. ರೌಟರ್ ಆರಿಸಿ ಹಚ್ಚಿದ ಮೇಲೆ ತಪ್ಪು ಹೆಸರು ಹೊಡೆದರೆ ಜಾಹೀರಾತಿನ ಪುಟವಿಲ್ಲ, ಬ್ರೌಸರಿನ ಬೋಳು ಪುಟ. ಬೋಳು ಪುಟ ನೋಡಿ ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಆದರೆ ಇಷ್ಟರಿಂದ ಪ್ರಶ್ನೆ ಗುಟ್ಟಾಗುವುದಿಲ್ಲ, ಬೇರೆ ಸರ್ವರಿಗೆ ಹೋಗುತ್ತದೆ ಅಷ್ಟೇ. ಗುಟ್ಟಾಗಬೇಕಾದರೆ ಆಂಡ್ರಾಯ್ಡ್ ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತದೆ. ಅಲ್ಲಿ ‘ಒನ್ ಡಾಟ್ ಒನ್ ಡಾಟ್ ಒನ್ ಡಾಟ್ ಒನ್’ ಎಂದು, ಅಂಕಿಯಲ್ಲಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಡಾಟ್ ಬದಲು ಚುಕ್ಕಿ. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಸೆಕ್ಯೂರ್ ಡಿಎನ್‌ಎಸ್ ಎಂದಿರುತ್ತದೆ, ಅದನ್ನು ಆನ್ ಮಾಡಿ. ಇಷ್ಟಾದರೂ ಸೈಟಿಗೆ ಕನೆಕ್ಟ್ ಆಗುವ ಮೊದಲ ಕ್ಷಣದಲ್ಲಿ ಅದರ ಹೆಸರು ಹೆಚ್ಚಿನ ಕಡೆ ಬಿಚ್ಚಾಗಿಯೇ ಹೋಗುತ್ತದೆ. ಮನಸ್ಸು ಮಾಡಿದ ಕಂಪನಿಗೆ ಅದು ಸಿಗುತ್ತದೆ. ವಿಪಿಎನ್ (ನಮ್ಮ ಟ್ರಾಫಿಕ್ಕನ್ನೆಲ್ಲ ಮುಚ್ಚಿ ಇನ್ನೊಬ್ಬರ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಹಾಕಿದರೆ ಅದೂ ಮುಚ್ಚುತ್ತದೆ, ಆದರೆ ಆಗ ಪಟ್ಟಿ ವಿಪಿಎನ್‌ನವರ ಕೈಗೆ ಹೋಯಿತು. ಉಚಿತ ವಿಪಿಎನ್ ಅಂತೂ ಬೇಡವೇ ಬೇಡ.

ಹಾಗಾದರೆ ಈ ಕನೆಕ್ಷನ್ ತಗೊಳ್ಳಬಹುದಾ? ಮುಲುಂಡ್ ಕಡೆ ಬೇರೆ ಆಯ್ಕೆ ಇಲ್ಲದವರು ತಗೊಳ್ಳಿ, ಸ್ಪೀಡಿಗೂ ಆ ಹುಡುಗನಿಗೂ ಕೊಟ್ಟ ದುಡ್ಡು ಮೋಸವಲ್ಲ. ಹಾಕಿಸಿದ ದಿನವೇ ಆ್ಯಪ್‌ನ ಟಿಕ್ ತೆಗೆಸಿ, ಡಿಎನ್‌ಎಸ್ ಬದಲಾಯಿಸಿಕೊಳ್ಳಿ, ಹುಡುಗ ಇರುವಾಗಲೇ. ಎರಡು ಮೂರು ಕಂಪನಿ ಬರುವ ಸೊಸೈಟಿಯಲ್ಲಿದ್ದರೆ ಮೊದಲು ಅವರ ಷರತ್ತುಗಳಲ್ಲಿ ‘ಪಾಲುದಾರರು’ ಎಂಬ ಮಾತು ಎಲ್ಲಿದೆ ಎಂದು ಹುಡುಕಿ, ಆಮೇಲೆ ಸ್ಪೀಡ್ ಕೇಳಿ.

ವರ್ಷದ ಪ್ಯಾಕಿಗೆ ಎರಡು ತಿಂಗಳು ಫ್ರೀ ಎಂದು ಆಸೆ ತೋರಿಸುತ್ತಾರೆ. ನಾನು ತಿಂಗಳದ್ದನ್ನೇ ಹಾಕಿಸುತ್ತಿದ್ದೇನೆ. ಇನ್ನೊಂದು ಕಂಪನಿಗೂ ಡಕ್ಟಿನಲ್ಲಿ ಜಾಗ ಕೊಡಿ ಎಂದು ಸೊಸೈಟಿಗೆ ಅರ್ಜಿ ಹಾಕಿದ್ದೇನೆ. ಎರಡನೇ ಸಹಿ ಶೆಟ್ರದ್ದು.