ಗೋಡೆಗೆ ನೇತುಹಾಕುವ ಚಿತ್ರಯಂತ್ರ: ಎರಡು ವರ್ಷ ಬಳಸಿದ ಮೇಲೆ

ಮೇಲಿನ ಎರಡು ಮೂಲೆಯ ಮೋಟಾರುಗಳಿಂದ ಎರಡು ಬೆಲ್ಟುಗಳಲ್ಲಿ ಪೆನ್ನು ಹಿಡಿಕೆ ನೇತಾಡುತ್ತದೆ; ಬೆಲ್ಟುಗಳನ್ನು ಎಳೆದು, ಬಿಟ್ಟು ಚಿತ್ರ ಬರೆಯುವ ಯಂತ್ರವಿದು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಎರಡು ನೆಮಾ 17 ಮೋಟಾರು, 2 ಮಿಮೀಗೊಂದು ಹಲ್ಲಿರುವ ಜಿಟಿ2 ಬೆಲ್ಟು, 20 ಹಲ್ಲಿನ ಪುಲ್ಲಿ (ಹಲ್ಲುಚಕ್ರ), ಇಡೀ ಯಂತ್ರವನ್ನು ನಿಯಂತ್ರಿಸುವ ಆರ್ಡುಯಿನೋ ಊನೋ ಬೋರ್ಡು, ಮೋಟಾರಿಗೆ ಕರೆಂಟು ಕೊಡುವ ಎರಡು ಎ4988 ಡ್ರೈವರು, ಪೆನ್ನೆತ್ತಲು ಒಂದು ಎಸ್‌ಜಿ90 ಸರ್ವೋ (ಪುಟ್ಟ ಮೋಟಾರು). ಇಷ್ಟೇ ಸಾಕು, ದುಬಾರಿ ಭಾಗ ಬೇಡ. ಗೆರೆ ಕೆಟ್ಟರೆ ಮೋಟಾರು ಬದಲಿಸಲು ಓಡಬೇಡಿ. ಮೊದಲು ಅಳತೆ ಟೇಪು ಹಿಡಿಯಿರಿ.

ಪುಲ್ಲಿಗಳನ್ನು ಒಂದೇ ಮಟ್ಟದಲ್ಲಿ, ನಡುವಿನಿಂದ ನಡುವಿಗೆ 1200 ಮಿಮೀ ದೂರದಲ್ಲಿ ಕೂರಿಸಿ. ಪೆನ್ನಿನ ಆರಂಭ ಬಿಂದುವನ್ನು ಸರಿಯಾಗಿ ಮಧ್ಯದಲ್ಲಿ, 450 ಮಿಮೀ ಕೆಳಗೆ ಗುರುತಿಸಿದರೆ ಎರಡೂ ಬೆಲ್ಟು ತಲಾ 750 ಮಿಮೀ ಆಗುತ್ತವೆ. ತಾಳೆ ನೋಡಲು ಇದಕ್ಕಿಂತ ಸುಲಭದ ಲೆಕ್ಕವಿಲ್ಲ. ಪುಲ್ಲಿ ಒಂದು ಸುತ್ತಿಗೆ 40 ಮಿಮೀ ಎಳೆಯುತ್ತದೆ, 1/16 ಮೈಕ್ರೋಸ್ಟೆಪ್ಪಿನಲ್ಲಿ (ಮೋಟಾರಿನ ಒಂದು ಹೆಜ್ಜೆಯನ್ನು 16 ತುಂಡು ಮಾಡಿದಾಗ) ಅದು 3200 ಹೆಜ್ಜೆ, ಅಂದರೆ ಮಿಮೀಗೆ 80. 16 ಹಲ್ಲಿನ ಪುಲ್ಲಿಗೆ 100 ಬೇಕು. ಅಲ್ಲೂ 80 ಎಂದೇ ಬಿಟ್ಟರೆ ಚಿತ್ರ ಕುಗ್ಗುವುದಷ್ಟೇ ಅಲ್ಲ, ಸೊಟ್ಟಗೂ ಆಗುತ್ತದೆ.

ಉದ್ದದ ಅಡ್ಡಗೆರೆ ಕಮಾನಿನಂತೆ ಬಾಗಿದರೆ ಕಾರಣ ಎರಡರಲ್ಲೊಂದು. ಪುಲ್ಲಿಗಳ ಅಂತರ ಅಥವಾ ಆರಂಭದ ಬೆಲ್ಟು ಉದ್ದ ತಪ್ಪಾಗಿ ನಮೂದಾಗಿರುತ್ತದೆ, ಇಲ್ಲವೇ ಗೆರೆಯನ್ನು ಒಂದೆರಡು ಮಿಮೀ ತುಂಡುಗಳಾಗಿ ಒಡೆಯದೆ ಒಂದೇ ಸಲಕ್ಕೆ ಕಳಿಸಲಾಗಿರುತ್ತದೆ. ಚಿಕ್ಕ ಗೆರೆ ನೆಟ್ಟಗಿದ್ದು ಉದ್ದದ್ದು ಮಾತ್ರ ಬಾಗಿದರೆ ಎರಡನೆಯದನ್ನೇ ಮೊದಲು ಸಂಶಯಿಸಿ.

ಹಾಳೆಯ ಮೇಲ್ಭಾಗದ ಬಗ್ಗೆ ಆಸೆ ಬಿಡಬೇಕು. 450 ಮಿಮೀ ಕೆಳಗೆ ಪ್ರತಿ ಬೆಲ್ಟಿನ ಎಳೆತ ಪೆನ್ನು ಹಿಡಿಕೆಯ ತೂಕದ 0.83ರಷ್ಟು. ಮಧ್ಯದಲ್ಲೇ 100 ಮಿಮೀಗೆ ಏರಿದರೆ ಅದು ಆ ತೂಕದ ಮೂರು ಪಟ್ಟಾಗುತ್ತದೆ, ಮೋಟಾರು ಹೆಜ್ಜೆ ತಪ್ಪುತ್ತದೆ. ಪುಲ್ಲಿಗಳ ಮಟ್ಟದಿಂದ ಕೆಳಗೆ 250 ಮಿಮೀ ಖಾಲಿ ಬಿಡಿ. ಬದಿಗಳಲ್ಲಿ ಇದಕ್ಕೆ ತಿರುಗಾಮುರುಗಾ: ದೂರದ ಬೆಲ್ಟು ಸಡಿಲವಾಗಿ ಗೆರೆ ನಡುಗುತ್ತದೆ. ಹಿಡಿಕೆಯ ಭಾರ ಪೆನ್ನಿನ ಜಾಗಕ್ಕಿಂತ ಕೆಳಭಾಗದಲ್ಲಿರಲಿ, ವೇಗೋತ್ಕರ್ಷ ತಗ್ಗಿಸಿ. ಎರಡು ಬೆಲ್ಟುಗಳ ಗೆರೆ ಪೆನ್ನಿನ ತುದಿಯಲ್ಲೇ ಸಂಧಿಸಬೇಕು, ಇಲ್ಲದಿದ್ದರೆ ಹಿಡಿಕೆ ತಿರುಗಿದಷ್ಟೂ ಗೆರೆ ಸರಿಯುತ್ತದೆ. ಬೆಲ್ಟಿನ ಇನ್ನೊಂದು ತುದಿಗೆ 100 ಗ್ರಾಂ ತೂಕ ಕಟ್ಟಿದರೆ ಹಲ್ಲು ಜಿಗಿಯುವುದು ನಿಲ್ಲುತ್ತದೆ.

ಬೆಲ್ಟಿನ ಬದಲು ಮೀನುಗಾಳದ ದಾರ ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಸುತ್ತಿದಷ್ಟೂ ಉರುಳೆಯ ವ್ಯಾಸ ಬದಲಾಗಿ ಮಾಡಿದ ಲೆಕ್ಕವೆಲ್ಲ ವ್ಯರ್ಥ.

ಪೆನ್ನೆತ್ತುವಾಗ ಊನೋ ರೀಸೆಟ್ ಆಗುತ್ತಿದ್ದರೆ ಸರ್ವೋಗೆ ಪ್ರತ್ಯೇಕ 5 ವೋಲ್ಟ್ ಕೊಟ್ಟು ಅದರ ಗ್ರೌಂಡನ್ನು ಊನೋದ ಗ್ರೌಂಡಿಗೆ ಜೋಡಿಸಿ. 0.1 ಓಮ್ ರೆಸಿಸ್ಟರಿರುವ ಎ4988ರಲ್ಲಿ 0.8 ಆಂಪಿಯರಿಗೆ ವಿರೆಫ್ (ಕರೆಂಟಿನ ಮಿತಿ ಗೊತ್ತುಮಾಡುವ ವೋಲ್ಟೇಜು) 0.64 ವೋಲ್ಟ್. ವಿದ್ಯುತ್ ಇರುವಾಗ ಮೋಟಾರಿನ ತಂತಿ ಕಿತ್ತರೆ ಡ್ರೈವರು ಸುಟ್ಟುಹೋಗಬಹುದು, ಒಂದು ಹೆಚ್ಚುವರಿ ಇಟ್ಟುಕೊಳ್ಳಿ.